ಎರಡು, ನಾಲ್ಕರ ಮೇಲೆ ಟಿಕ್: ಎಮಿಲಿ ರೆಮ್ಲರ್ ಹಾದಿಯಲ್ಲಿ ನಾನು ಸ್ವಿಂಗ್ ಕಲಿತದ್ದು

‘ಸ್ವಿಂಗ್ ಬೇಕಂದ್ರೆ ನೇರವಾಗಿ ವೆಸ್ ಮಾಂಟ್ಗೊಮರಿ ಕೇಳು. ಅವನನ್ನು ಕೇಳಿ ಕಲಿತವಳ ಹಿಂದೆ ಯಾಕೆ ಹೋಗ್ತೀಯಾ?’ ಜಾಜ್‌ನ ತೂಗುವ ಲಯ, ಅಂದರೆ ಸ್ವಿಂಗ್, ಕಲಿಯಲು ನಾನು ಗಿಟಾರ್ ವಾದಕಿ ಎಮಿಲಿ ರೆಮ್ಲರ್ ಹಿಂದೆ ಬಿದ್ದಾಗ, ಇಲ್ಲಿ ನ್ಯೂಜೆರ್ಸಿಯಲ್ಲಿ ಒಟ್ಟಿಗೆ ಕೂತು ನುಡಿಸುವ ಜ್ಯಾಮ್ ಗೆಳೆಯರೆಲ್ಲ ಹೀಗೇ ಹೇಳಿದರು. ವೆಸ್ ಅಂದರೆ ಜಾಜ್ ಗಿಟಾರಿನ ದಿಗ್ಗಜ. ಈಗ ಅದೇ ಗೆಳೆಯರು ಏನು ಅಭ್ಯಾಸ ಮಾಡ್ತೀಯಾ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವೆಸ್ ನುಡಿಸಿದ್ದು ಹೇಗೆ ಬಂತು ಅನ್ನುವುದು ಕೇಳುಗರಿಗೆ ಕಾಣುವುದಿಲ್ಲ. ಎಮಿಲಿಯದು ಕಾಣುತ್ತದೆ. ಇಲ್ಲೇ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಬೆಳೆದ ಹುಡುಗಿ. ಮೊದಲು ರಾಕ್ ಹುಚ್ಚು. ಕೈಯಲ್ಲಿ ಅಣ್ಣನ ಗಿಬ್ಸನ್ ಇಎಸ್-330 ಗಿಟಾರ್. 16ಕ್ಕೆ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜು ಸೇರಿ 18ಕ್ಕೆ ಮುಗಿಸಿದಳು. ಆಮೇಲೆ ಒಂದು ಬೇಸಿಗೆ ನ್ಯೂಜೆರ್ಸಿ ಕಡಲತೀರದಲ್ಲಿ ರೂಮು ಹಿಡಿದು ಕೂತಳು. ವೆಸ್ ಮತ್ತು ಇನ್ನೊಬ್ಬ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೊ ರೆಕಾರ್ಡುಗಳು, ಜೊತೆಗೆ ನಾಲ್ಕು ಏಟಿನಲ್ಲಿ ಎರಡು-ನಾಲ್ಕರ ಮೇಲೆ ಟಿಕ್ ಅನ್ನುವ ಮೆಟ್ರೊನೋಮ್. ಸ್ವಿಂಗ್ ಅವಳಿಗೆ ಹುಟ್ಟಿನಿಂದ ಬಂದಿರಲಿಲ್ಲ, ಕೂತು ಕಲಿತದ್ದು. ನನಗೆ ಬೇಕಾಗಿದ್ದದ್ದೂ ಅದೇ.

ನಿಮಿಷಕ್ಕೆ 120 ಏಟಿನ ವೇಗಕ್ಕೆ ಮೆಟ್ರೊನೋಮ್ 60ಕ್ಕೆ ಇಡಬೇಕು, ಟಿಕ್ ಎರಡು ಮತ್ತು ನಾಲ್ಕು ಅಂತ ಎಲ್ಲರಿಗೂ ಗೊತ್ತು. ಮಾಡಿ ನೋಡಿ. ನಾನು ಚಿಕ್ಕಂದಿನಲ್ಲಿ ಐದಾರು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ ಆದಿತಾಳ ಹಾಕಿದ ಕೈ. ಮೈಯೆಲ್ಲ ಸಮದ, ಅಂದರೆ ಮೊದಲ ಏಟಿನ, ಕಡೆಗೇ ವಾಲುತ್ತದೆ. ನಾಲ್ಕು ಬಾರ್ (ನಾಲ್ಕು ಏಟಿನ ಒಂದು ಸುತ್ತು ಒಂದು ಬಾರ್) ಸರಿ ಇರುತ್ತಿತ್ತು, ಐದನೆಯದಕ್ಕೆ ಟಿಕ್ ಒಂದರ ಮೇಲೆ ಬಂದು ಕೂರುತ್ತಿತ್ತು. ತಿಂಗಳುಗಟ್ಟಲೆ ಇದೇ ಕಥೆ. ಸ್ಕೇಲು ಬಿಟ್ಟು ಬರೀ ಕಾರ್ಡ್ ಹಿಡಿದೆ, ಆಗಲಿಲ್ಲ. ಕಾಲು ಕುಟ್ಟುವುದು ನಿಲ್ಲಿಸಿದೆ, ಇನ್ನೂ ಕೆಟ್ಟಿತು. ಕೊನೆಗೆ ವೇಗವನ್ನು 80ರ ಆಸುಪಾಸಿಗೆ ಇಳಿಸಿ, ‘ಒಂದು’ ಅನ್ನುವುದನ್ನು ಬಾಯಲ್ಲಿ ಹೇಳುತ್ತಾ ಒಂದೇ ಬ್ಲೂಸ್ ನುಡಿಸಿದಾಗ ಬಿಗಿ ಸಡಿಲಾಯಿತು. ಬಲಗೈಯಲ್ಲಿ ಇನ್ನೊಂದು ಸಣ್ಣ ಉಪಾಯವಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ, ಜ್ಯಾಮ್‌ಗೆ ಬಂದು ನನ್ನ ಕೈ ನೋಡಿ.

ದುಡ್ಡಿನ ಮಾತು. ಇದಕ್ಕೂ ಮೊದಲು ಒಬ್ಬ ಮೇಷ್ಟ್ರಿಗೆ ಗಂಟೆಗೆ 80 ಡಾಲರ್ ಕೊಟ್ಟು, ಆನ್‌ಲೈನ್ ಕೋರ್ಸುಗಳನ್ನೂ ಸೇರಿಸಿ ಸುಮಾರು 2,000 ಕಳೆದಿದ್ದೆ. ಸಿಕ್ಕಿದ್ದು ಕಂಪ್ಯೂಟರ್ ತುಂಬ ಪಿಡಿಎಫ್. ಹಳೇ ಇಎಸ್-330 ಕೊಳ್ಳುವ ಆಸೆಯೂ ಇತ್ತು, ಬೆಲೆ ನೋಡಿ ಕೈಬಿಟ್ಟೆ. ಸೆಕೆಂಡ್‌ಹ್ಯಾಂಡ್ ಸೆಮಿ-ಹಾಲೊ (ಒಡಲು ಅರ್ಧ ಟೊಳ್ಳಾದ) ಗಿಟಾರ್ ಒಂದು 450ರ ಹತ್ತಿರಕ್ಕೆ ಸಿಕ್ಕಿತು. ಅದಕ್ಕೆ 12ರ ದಪ್ಪದ, ನುಣುಪಾದ ಫ್ಲಾಟ್‌ವೂಂಡ್ ತಂತಿ ಹಾಕಿದೆ, ಮುಗಿಯಿತು. ಮೆಟ್ರೊನೋಮ್ ಆ್ಯಪ್ ಪುಕ್ಕಟೆ. ಎಮಿಲಿಯ ಎರಡು ಪಾಠದ ವಿಡಿಯೋಗಳಿವೆ, ಯಾವ ಕೋರ್ಸಿಗಿಂತಲೂ ಜಾಸ್ತಿ ಉಪಯೋಗಕ್ಕೆ ಬಂದವು.

ಡಾಮಿನೆಂಟ್ ಕಾರ್ಡ್, ಅಂದರೆ ಮೂಲ ಕಾರ್ಡಿನ ಕಡೆ ಎಳೆಯುವ ಜಿ7ನಂಥದ್ದು, ಬಂದಾಗ ಯಾವ ಸ್ಕೇಲು ನುಡಿಸಬೇಕು ಅನ್ನುವುದಕ್ಕೆ ಅವಳ ಸೂತ್ರ ಸರಳ. ಜಿ7 ಮುಂದೆ ಸಿ ಕಡೆ ಇಳಿಯುವುದಾದರೆ ಅರ್ಧ ಸ್ವರ ಮೇಲಿನ ಮೆಲೋಡಿಕ್ ಮೈನರ್ ಸ್ಕೇಲು, ಅಂದರೆ ಎ-ಫ್ಲಾಟ್. ಇಳಿಯದೆ ಅಲ್ಲೇ ನಿಂತರೆ ಐದನೆಯದರ ಮೇಲಿನದು, ಅಂದರೆ ಡಿ. ಇಲ್ಲಿ ನಾನು ಸ್ವಲ್ಪ ದಾರಿ ತಪ್ಪಿದೆ, ಬೇಕಂತಲೇ. ಮೆಲೋಡಿಕ್ ಮೈನರ್ ಆರೋಹಣ ನಮ್ಮ ಗೌರಿಮನೋಹರಿ ರಾಗವೇ ಅಲ್ವಾ? ಗ್ರಹಭೇದ, ಅಂದರೆ ಅದರ ಒಂದೊಂದೇ ಸ್ವರವನ್ನು ಷಡ್ಜವೆಂದುಕೊಂಡು ಹೊಸ ರಾಗ ಹುಡುಕುವುದು, ಮಾಡುತ್ತಾ ಹೋದೆ. ಎರಡನೆಯ ಸ್ವರದಿಂದ ನಾಟಕಪ್ರಿಯ, ನಾಲ್ಕರಿಂದ ವಾಚಸ್ಪತಿ, ಐದರಿಂದ ಚಾರುಕೇಶಿ. ನಿಲ್ಲುವ ಜಿ7ಗೆ ಅವಳು ಹೇಳಿದ್ದು ನಮ್ಮ ಲೆಕ್ಕದಲ್ಲಿ ವಾಚಸ್ಪತಿ. ಇಳಿಯುವ ಜಿ7ಗೆ ಮಾತ್ರ ಯಾವ ಮೇಳರಾಗವೂ ಹೊಂದುವುದಿಲ್ಲ, ಪಂಚಮವೇ ಇಲ್ಲ. ಎರಡು ವಾರ ಇದರಲ್ಲೇ ಮುಳುಗಿದ್ದೆ. ಬೆರಳಿಗೆ ದಾರಿ ಸಿಕ್ಕಿತು. ಆದರೆ ಗಮಕ ಹಾಕಿದ ಕೂಡಲೇ ಸ್ವಿಂಗ್ ಸತ್ತುಹೋಗುತ್ತದೆ. ಬಿಟ್ಟೆ.

ಅವಳ ರೆಕಾರ್ಡುಗಳನ್ನು ವರ್ಷದ ಕ್ರಮದಲ್ಲೇ ಹಿಡಿದೆ. 1981ರ ‘ಫೈರ್‌ಫ್ಲೈ’ಯಲ್ಲಿ ಪಿಯಾನೊಗೆ ಹ್ಯಾಂಕ್ ಜೋನ್ಸ್. ಅದರಲ್ಲಿ ವೆಸ್‌ನ ‘ಮೂವಿನ್ ಅಲಾಂಗ್’ ಇದೆ, ಸಾಲ ಎಲ್ಲಿಂದ ಅಂತ ಮುಚ್ಚಿಟ್ಟಿಲ್ಲ. 1985ರ ‘ಕ್ಯಾಟ್‌ವಾಕ್’ ಹೊತ್ತಿಗೆ ಎಲ್ಲ ರಚನೆಗಳೂ ಅವಳವೇ. 1988ರ ‘ಈಸ್ಟ್ ಟು ವೆಸ್’ನಲ್ಲಿ ಮತ್ತೆ ವೆಸ್ ಹತ್ತಿರ ಬರುತ್ತಾಳೆ, ಈ ಸಲ ಸರಿಸಮಾನವಾಗಿ. ನನಗೆ ಎಲ್ಲಕ್ಕಿಂತ ಇಷ್ಟ ಇದೇ. 1982ರಲ್ಲಿ ಒಂದು ಪತ್ರಿಕೆಗೆ ಅವಳು ಹೇಳಿದ್ದಳು: ನೋಡೋಕೆ ನಾನು ನ್ಯೂಜೆರ್ಸಿಯ ಒಳ್ಳೆ ಯಹೂದಿ ಹುಡುಗಿ, ಒಳಗೆ ಮಾತ್ರ ವೆಸ್ ಥರ ದೊಡ್ಡ ಹೆಬ್ಬೆರಳಿನ, ದಪ್ಪನೆಯ, 50 ವರ್ಷದ ಕಪ್ಪು ಗಂಡಸು. ನಾನೂ ಪಿಕ್ ಬಿಟ್ಟು ಹೆಬ್ಬೆರಳಲ್ಲಿ ನುಡಿಸಿ ನೋಡಿದೆ. ಬೊಬ್ಬೆ ಬಂತು, ವೆಸ್ ಬರಲಿಲ್ಲ.

ಜನ ಅವಳ ಬಗ್ಗೆ ಮಾತಾಡಿದರೆ ಮೊದಲು ಡ್ರಗ್ಸ್, ಆಮೇಲೆ ಸಾವು. 1990ರ ಮೇನಲ್ಲಿ ಸಿಡ್ನಿಯಲ್ಲಿ, ಪ್ರವಾಸದ ನಡುವೆ, 32ನೇ ವಯಸ್ಸಿನಲ್ಲಿ ಹೋದಳು, ನಿಜ. ಆದರೆ ನನಗೆ ಪಾಠವಾದದ್ದು ನ್ಯೂ ಆರ್ಲಿಯನ್ಸ್ ವರ್ಷಗಳು. ಅಲ್ಲಿ ಕ್ಲಬ್ಬು, ಹೋಟೆಲು ಅಂತ ಸಿಕ್ಕ ಕೆಲಸವನ್ನೆಲ್ಲ ಮಾಡಿದಳು, ಗಾಯಕಿ ನ್ಯಾನ್ಸಿ ವಿಲ್ಸನ್‌ಗೂ ಪಕ್ಕವಾದ್ಯ ನುಡಿಸಿದಳು. 1978ರಲ್ಲಿ ಹಿರಿಯ ಗಿಟಾರ್ ವಾದಕ ಹರ್ಬ್ ಎಲ್ಲಿಸ್ ಅವಳನ್ನು ಕಾನ್ಕಾರ್ಡ್ ಜಾಜ್ ಉತ್ಸವಕ್ಕೆ ಕರೆಸಿದ್ದು ಇಷ್ಟು ಬೆವರು ಸುರಿಸಿದ ಮೇಲೆ. ಆಮೇಲೆ ಗಾಯಕಿ ಆಸ್ಟ್ರುಡ್ ಜಿಲ್ಬರ್ಟೊ ಜೊತೆ ನುಡಿಸಿದಳು. ಹೆಂಗಸು ಜಾಜ್ ಗಿಟಾರ್ ನುಡಿಸುತ್ತಾಳಾ ಅಂತ ಆಗಲೂ ಹುಬ್ಬೇರಿಸುತ್ತಿದ್ದರು. 1930ರ ದಶಕದ ಕೊನೆಗೇ ನಾರ್ತ್ ಡಕೋಟಾದ ಮೇರಿ ಆಸ್ಬೋರ್ನ್, ಚಾರ್ಲಿ ಕ್ರಿಶ್ಚಿಯನ್ ನುಡಿಸುವುದನ್ನು ಕೇಳಿ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದಳು ಅನ್ನುವುದು ಎಷ್ಟು ಜನಕ್ಕೆ ಗೊತ್ತಿತ್ತೋ.

ಹಾಗಾಗಿ ನಾನೂ ಪಕ್ಕವಾದ್ಯಕ್ಕೆ ಇಳಿದೆ. ಯುಗಾದಿ ಕಾರ್ಯಕ್ರಮದಲ್ಲಿ ಭಾವಗೀತೆ ಹಾಡುವವರ ಹಿಂದೆ ಕಾಂಪಿಂಗ್, ಅಂದರೆ ಲಯಕ್ಕೆ ಕಾರ್ಡ್ ಹಾಕುವ ಕೆಲಸ. ಸಂಭಾವನೆ ಹೋಳಿಗೆ ಊಟ. ಒಬ್ಬರು ಹಾಡು ನಿಲ್ಲಿಸಿ, ‘ತಾಳ ಯಾಕೆ ಎಳೀತೀರಾ?’ ಅಂದರು. ಇನ್ನೊಬ್ಬರು ಮುಂದಿನ ತಿಂಗಳೂ ಬನ್ನಿ ಅಂದರು. ಇಷ್ಟೆಲ್ಲ ಆದ ಮೇಲೆ ಹೋದ ಚಳಿಗಾಲ ಜ್ಯಾಮ್‌ನಲ್ಲಿ, ಅವಳ ‘ಈಸ್ಟ್ ಟು ವೆಸ್’ನಲ್ಲಿರುವ ‘ಡಾಹೂದ್’ ನುಡಿಸೋಣ ಅಂದೆ, ಸುಮಾರು 190ರ ವೇಗಕ್ಕೆ. ಮೂರು ಕೋರಸ್, ಅಂದರೆ ಇಡೀ ರಚನೆಯ ಮೂರು ಸುತ್ತು, ಬೀಳದೆ ದಾಟಿದೆ. ವೆಸ್ ಹತ್ತಿರ ಹೋಗು ಅಂದವನೇ ಬಾಸ್ ನುಡಿಸುತ್ತಿದ್ದ. ಅವನು ಮನೆಗೆ ಹೋಗಿ ‘ಈಸ್ಟ್ ಟು ವೆಸ್’ ಹುಡುಕಿದನಂತೆ.

ಈಗ ಮೆಟ್ರೊನೋಮ್ ಬರೀ ನಾಲ್ಕರ ಮೇಲೆ ಇಟ್ಟಿದ್ದೇನೆ. ಮತ್ತೆ ಐದನೇ ಬಾರ್‌ನಲ್ಲೇ ಬೀಳುತ್ತಿದ್ದೇನೆ.