ಬೇಡ ಅಂದವರಿಗೂ ಬರೆದ ಪ್ರೇಮಕಥೆ: ಬಾಲ್ಡರ್ಸ್ ಗೇಟ್ ಮಾಡ್ ಕಟ್ಟಿದ ನನ್ನ ಅನುಭವ

ಮೂಲ ಆಟಕ್ಕೆ ಅಭಿಮಾನಿಗಳೇ ಕಟ್ಟಿ ಸೇರಿಸುವ ಹೊಸ ಭಾಗಗಳಲ್ಲಿ, ಅಂದರೆ ಗೇಮ್ ಮಾಡ್‌ಗಳಲ್ಲಿ, ಪ್ರೇಮಕಥೆಗೆ ಏನು ಕೆಲಸ ಅಂತ ಕೇಳಿದವರಿಗೆ ನಾನು ಒಂದೇ ಹೆಸರು ಹೇಳುತ್ತೇನೆ: ಬೋಧಿ. ಬಾಲ್ಡರ್ಸ್ ಗೇಟ್ 2 ಎಂಬ ಕಂಪ್ಯೂಟರ್ ಆಟದಲ್ಲಿ ಬರುವ ರಕ್ತಪಿಶಾಚಿ ಅವಳು. ಆರನೇ ಅಧ್ಯಾಯದಲ್ಲಿ, ಅಂಡರ್‌ಡಾರ್ಕ್ ಎಂಬ ನೆಲದಡಿಯ ಲೋಕ ದಾಟಿ ಅತ್ಕಟ್ಲಾ ನಗರಕ್ಕೆ ಮರಳಿದ ಮೇಲೆ, ನೀವು ಯಾರನ್ನು ಪ್ರೀತಿಸುತ್ತಿದ್ದೀರೋ ಅವರನ್ನೇ ಹಿಡಿದೊಯ್ದು ತನ್ನ ಹಾಗೆ ಪಿಶಾಚಿ ಮಾಡಿಬಿಡುತ್ತಾಳೆ. ಅವಳನ್ನು ಕೊಂದು, ಪ್ರೇಮಿಯ ದೇಹವನ್ನೂ ಬೋಧಿಯ ಕಪ್ಪು ಹೃದಯವನ್ನೂ ಹೊತ್ತುಕೊಂಡು ಅಮೌನೇಟರ್ ಎಂಬ ಮರೆತುಹೋದ ದೇವರ ಪಾಳು ಗುಡಿಗೆ ಹೋಗಿ, ಅಲ್ಲಿನ ಮೂರ್ತಿಯ ಕೈಗೆ ಎರಡನ್ನೂ ಒಪ್ಪಿಸಿದರೆ ಜೀವ ಮರಳುತ್ತದೆ. ಪ್ರೇಮದ ಎಳೆ ಹಿಡಿಯದೆ ಆಡಿದವರಿಗೆ ಈ ಭಾಗವೇ ಇಲ್ಲ. ಇದನ್ನು ಒಮ್ಮೆ ಆಡಿದವರು, ಈ ಆಟಕ್ಕೆ ಪ್ರೇಮ ಹೊರಗಿನಿಂದ ಬಂದದ್ದು ಅಂತ ಹೇಳಲಾರರು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬಯೋವೇರ್ ಕಂಪನಿ ಕಟ್ಟಿದ ಈ ಆಟ 2000ದಲ್ಲಿ ಬಂತು, ಅದರ ಮುಂದುವರಿದ ಭಾಗ ಥ್ರೋನ್ ಆಫ್ ಭಾಲ್ 2001ರಲ್ಲಿ. ಸತ್ತುಹೋದ ಕೊಲೆಯ ದೇವರು ಭಾಲ್‌ನ ಸಂತಾನ ನೀವು. ನಿಮ್ಮನ್ನೂ ಸೇರಿಸಿ ಆರು ಜನರ ತಂಡ, ಅಂದರೆ ಪಾರ್ಟಿ, ಕಟ್ಟಿಕೊಂಡು ಅಲೆಯಬೇಕು. ಮೂಲ ಆಟದಲ್ಲಿ ಗಂಡು ನಾಯಕನಿಗೆ ಪ್ರೀತಿಸಲು ಮೂವರು ಸಿಗುತ್ತಾರೆ: ಏರಿ, ಜಹೀರಾ, ವೈಕೋನಿಯಾ. ಹೆಣ್ಣು ನಾಯಕಿಗೆ ಒಬ್ಬನೇ, ಅನೋಮೆನ್. ನೈಟ್ ಪದವಿಗೆ ಕಾದು ಕೂತಿರುವ ಈ ಮಹಾಶಯ ಸಿಕ್ಕಿದಲ್ಲೆಲ್ಲ ತನ್ನ ಪ್ರತಾಪ ಕೊಚ್ಚಿಕೊಳ್ಳುತ್ತಾನೆ. ಅವನ ತಂಗಿಯ ಕೊಲೆಯಾದ ಮೇಲೆ ಕನಿಕರ ಹುಟ್ಟುವುದು ನಿಜ. ಆದರೆ ಕನಿಕರ ಪಟ್ಟು ಮದುವೆಯಾದವರ ಕಥೆ ನಮ್ಮ ನೆಂಟರಲ್ಲೇ ಸಾಕಷ್ಟಿದೆ, ಅದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.

ಯಾವಾಗಲೂ ಹೆಣ್ಣು ಪಾತ್ರವನ್ನೇ ಆಡುವ ನನ್ನಂಥವರಿಗೆ ಈ ಕೊರತೆ ಕಣ್ಣಿಗೆ ಚುಚ್ಚುವಂಥದು. ಮೊದಮೊದಲ ಮಾಡ್‌ಗಳಲ್ಲಿ ಪ್ರೇಮ ಇಷ್ಟೊಂದು ಹರಡಿದ್ದಕ್ಕೆ ಒಂದು ಕಾರಣ ಇದೇ ಅಂತ ನನ್ನ ಲೆಕ್ಕ. ಮಾಡ್ ಕಟ್ಟಲು ನಾವೆಲ್ಲ ಇವತ್ತಿಗೂ ಬಳಸುವ ವೈಡು ಎಂಬ ಸಾಧನವನ್ನು ಬರೆದವರು ವೆಸ್ಟ್ಲಿ ವೈಮರ್. ಮೂಲ ಆಟದಲ್ಲಿ ಸ್ವಲ್ಪ ಹೊತ್ತು ಬಂದುಹೋಗುವ ಸೋಲಾಫೈನ್ ಎಂಬ ಡ್ರೋ (ನೆಲದಡಿಯ ಎಲ್ಫ್ ಕುಲ) ಯೋಧನನ್ನು ಪಾರ್ಟಿಗೆ ಸೇರಿಸಿ, ಅವನಿಗೊಂದು ಪ್ರೇಮದ ಎಳೆ ಕೊಟ್ಟವರೂ ಅವರೇ. 2013ರಲ್ಲಿ ಬೀಮ್‌ಡಾಗ್ ಕಂಪನಿ ತಂದ ಎನ್‌ಹ್ಯಾನ್ಸ್ಡ್ ಎಡಿಷನ್ ಎಂಬ ಹೊಸ ಆವೃತ್ತಿಯಲ್ಲಿ ರಸಾದ್, ಡಾರ್ನ್, ಹೆಕ್ಸಾಟ್ ಸೇರಿಕೊಂಡ ಮೇಲೆ ನಾಯಕಿಯರಿಗಿದ್ದ ಪ್ರೇಮಿಗಳ ಬರಗಾಲ ನೀಗಿತು ಅನ್ನಬಹುದು. ಅಷ್ಟರಲ್ಲಿ ನನ್ನ ತಲೆಯೊಳಗೆ ಬೇರೊಬ್ಬ ಬಂದು ಕೂತಾಗಿತ್ತು: ಅತ್ಕಟ್ಲಾದ ಬಂದರಿನಲ್ಲಿ ಸಿಗುವ, ಹಡಗು ಕಳೆದುಕೊಂಡ, ನಲವತ್ತು ದಾಟಿದ ಚುಕ್ಕಾಣಿಗ.

ಅವನನ್ನು ಬರೆಯಲು ಕೂತಾಗ ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ಪ್ರೇಮದ ಒಂದೇ ಒಂದು ವೇರಿಯಬಲ್ (ಆಟ ನೆನಪಿಟ್ಟುಕೊಳ್ಳುವ ಅಂಕಿ) ಕೂಡ ಫೈಲಿಗೆ ಬರುವ ಮೊದಲು ಇವನು ಪಾರ್ಟಿಯಲ್ಲಿ ಬರಿಯ ಜೊತೆಗಾರನಾಗಿ ಆಟದ ಕೊನೆಯ ತನಕ ಬದುಕಿರಬೇಕು. ಹಾಗಾಗಿ ಮೊದಲು ಬರೆದದ್ದೆಲ್ಲ ಪಾರ್ಟಿಯ ಮಿಕ್ಕ ಜೊತೆಗಾರರೊಡನೆ ಹರಟೆ. ಯಾನ್ ಯಾನ್ಸನ್ ಟರ್ನಿಪ್ ಗಡ್ಡೆಯ ಕಥೆ ಶುರು ಮಾಡಿದರೆ ಇವನು ಅದಕ್ಕಿಂತ ದೊಡ್ಡ ಸುಳ್ಳು ಹೇಳುತ್ತಾನೆ. ಮಿನ್ಸ್ಕ್‌ನ ಹ್ಯಾಮ್‌ಸ್ಟರ್ ಬೂ ಇವನ ಊಟದ ಚೀಲ ತೂತು ಮಾಡುತ್ತದೆ. ಎಡ್ವಿನ್ ಜೊತೆ ಸಾಲದ ಜಗಳ. ಜಹೀರಾ ಜೊತೆ ಮಾತ್ರ ಜಾಗ್ರತೆ ವಹಿಸಿದೆ. ಆಟದ ಮೊದಲ ನೆಲಮಾಳಿಗೆಯಲ್ಲೇ ಅವಳ ಗಂಡ ಖಾಲಿದ್‌ನ ಹೆಣ ಸಿಗುತ್ತದೆ. ಮೂಲ ಆಟ ಅವಳ ಪ್ರೇಮದ ಮಾತುಗಳನ್ನು ಅಲ್ಲಿಂದ ಹೆಚ್ಚು ದಿನ ಕಳೆಯುವ ಮೊದಲೇ ಶುರು ಮಾಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ನನ್ನ ಚುಕ್ಕಾಣಿಗ ಅವಳ ಹತ್ತಿರ ಖಾಲಿದ್ ಬಗ್ಗೆ ಕೇಳುತ್ತಾನೆ, ಅವಳು ಹೇಳಿದಷ್ಟನ್ನು ಕೇಳಿಕೊಳ್ಳುತ್ತಾನೆ, ಸುಮ್ಮನಾಗುತ್ತಾನೆ. ಇಡೀ ಮಾಡ್‌ನಲ್ಲಿ ನನಗೆ ತೃಪ್ತಿ ಕೊಟ್ಟ ತುಣುಕು ಅದು. ಪ್ರೇಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಪ್ರೇಮದ ಯಂತ್ರ. ಆಟದ ಒಳಗೆ ಅದು ಒಂದು ಟೈಮರ್, ಎರಡು ವೇರಿಯಬಲ್ ಅಷ್ಟೇ. ಟೈಮರ್ ಮುಗಿದಾಗ, ಸುತ್ತ ಶತ್ರುಗಳು ಇಲ್ಲದಿದ್ದಾಗ, ಮುಂದಿನ ಮಾತು ತಾನಾಗಿ ಶುರುವಾಗುತ್ತದೆ. ಇಲ್ಲಿ ಬಳಸುವುದು ಆಟದೊಳಗಿನ ಗಡಿಯಾರವನ್ನಲ್ಲ, ನಮ್ಮ ಕೈಗಡಿಯಾರದ ಸೆಕೆಂಡುಗಳನ್ನು ಎಣಿಸುವ ಟೈಮರನ್ನು. ಇಲ್ಲದಿದ್ದರೆ ಒಂದು ರಾತ್ರಿ ಛತ್ರದಲ್ಲಿ ಮಲಗಿ, ಎರಡು ಊರು ಸುತ್ತಿ ಬರುವಷ್ಟರಲ್ಲಿ ಮಾತಿನ ಮೇಲೆ ಮಾತು ಬಂದು ಬೀಳುತ್ತದೆ. ನಾನು ಒಂದು ಮಾತಿಗೂ ಇನ್ನೊಂದಕ್ಕೂ ಮುಕ್ಕಾಲು ಗಂಟೆ ಇಟ್ಟೆ, ಕೆಲವಕ್ಕೆ ರಾತ್ರಿ ಹೊತ್ತು ಬಯಲಲ್ಲಿ ಇರಬೇಕು ಅನ್ನುವ ಷರತ್ತು ಸೇರಿಸಿದೆ. ಆ ಎರಡು ವೇರಿಯಬಲ್‌ಗಳಲ್ಲಿ ಒಂದು ಸಂಬಂಧ ಎಲ್ಲಿದೆ ಅಂತ ಹೇಳುತ್ತದೆ: ಒಂದಿದ್ದರೆ ನಡೆಯುತ್ತಿದೆ, ಎರಡಿದ್ದರೆ ಗಟ್ಟಿಯಾಗಿದೆ, ಮೂರಾದರೆ ಮುಗಿಯಿತು. ಮೂಲ ಆಟದಲ್ಲಿ ಎಷ್ಟೋ ಕಡೆ ಒಂದು ಉತ್ತರ ತಪ್ಪಿದರೆ ಸಾಕು, ಸದ್ದಿಲ್ಲದೆ ಮೂರಾಗಿಬಿಡುತ್ತದೆ. ಆಟಗಾರಳಿಗೆ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ. ಪ್ರೀತಿ ಹೋಗಿ ಸಿಇಟಿ ಪರೀಕ್ಷೆ ಆಗುವುದು ಹೀಗೆ.

ಇದಕ್ಕೆ ಉಲ್ಟಾ ದೂರೂ ಇದೆ, ನನಗೆ ಅದೇ ಹೆಚ್ಚು ಮುಖ್ಯ. ಜೊತೆಗಾರನ ಹತ್ತಿರ ಎರಡು ಒಳ್ಳೆಯ ಮಾತಾಡಿದರೆ ಸಾಕು, ಅವನು ಕೈ ಹಿಡಿಯಲು ಬರುತ್ತಾನೆ. ನಗುತ್ತಾ ಮಾತಾಡಿದ್ದಕ್ಕೇ ಅರ್ಥ ಹುಡುಕುವವರನ್ನು ಬಸ್ಸಲ್ಲಿ, ಆಫೀಸಲ್ಲಿ ನೋಡಿ ಸಾಕಾಗಿರುವಾಗ ಆಟದಲ್ಲೂ ಅವರೇ ಬೇಕಾ? ಅದಕ್ಕೇ ಸ್ನೇಹಕ್ಕೆ ಬೇರೆ ವೇರಿಯಬಲ್, ಪ್ರೇಮಕ್ಕೆ ಬೇರೆ ವೇರಿಯಬಲ್ ಇಟ್ಟೆ. ನಾಯಕಿ ತಾನೇ ಬಾಯಿಬಿಟ್ಟು ಹೇಳುವ ತನಕ ಎರಡನೆಯದು ಸೊನ್ನೆಯಲ್ಲೇ ಇರುತ್ತದೆ. ಹಾಗೆ ಹೇಳುವ ಸಾಲು ಯಾರಿಗೂ ಗೊಂದಲವಾಗದಷ್ಟು ನೇರವಾಗಿದೆ. ಅದನ್ನು ಆರಿಸದೆ ಇಡೀ ಆಟ ಮುಗಿಸಿದವರಿಗೂ ಚುಕ್ಕಾಣಿಗನ ಹಡಗು ಏನಾಯಿತು ಅನ್ನುವ ಕಥೆ ಪೂರ್ತಿ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು 'ಬೇಡ' ಎನ್ನುವ ಉತ್ತರಗಳು. ಶುರುವಿನಲ್ಲೇ ಬೇಡ ಅನ್ನಬಹುದು, ಅರ್ಧ ದಾರಿಯಲ್ಲಿ ಅನ್ನಬಹುದು, ಎಲ್ಲ ಗಟ್ಟಿಯಾದ ಮೇಲೂ ಅನ್ನಬಹುದು. ಮೂರಕ್ಕೂ ಅವನ ಪ್ರತಿಕ್ರಿಯೆ ಬೇರೆ, ಆಮೇಲಿನ ಹರಟೆಗಳ ಧಾಟಿ ಬೇರೆ. ಆದರೆ ಯಾವುದರಲ್ಲೂ ಅವನು ಮುನಿಸಿಕೊಂಡು ಪಾರ್ಟಿ ಬಿಟ್ಟು ಹೋಗುವುದಿಲ್ಲ. ಮೊದಲ ನಿರಾಕರಣೆಗೆ ಅವನು ಹೇಳುವುದಿಷ್ಟು: 'ಸರಿ. ಆದರೆ ಇವತ್ತು ರಾತ್ರಿಯ ಕಾವಲು ನಿನ್ನದೇ, ಅದರಲ್ಲಿ ರಿಯಾಯಿತಿ ಇಲ್ಲ.' ಮೂರನೆಯದನ್ನು ಬರೆಯುವುದು ಕಷ್ಟ. ಗಾಯವಾಗಿದೆ ಅಂತ ಕಾಣಬೇಕು, ಆ ಗಾಯವನ್ನು ಆಟಗಾರಳ ಮೇಲೆ ಹೊರಿಸಬಾರದು. ಅಲ್ಲಿ ಅವನ ಬಾಯಿಂದ ಮಾತು ಕಮ್ಮಿ ಮಾಡಿ, ಯಾನ್‌ನ ಸುಳ್ಳಿಗೆ ಉತ್ತರ ಕೊಡದೆ ಬಿಡುವ ಒಂದು ಹರಟೆ ಇಟ್ಟೆ. ಅದು ಕೆಲಸ ಮಾಡಿತು.

ಬೋಧಿಯ ವಿಷಯಕ್ಕೆ ಬಂದರೆ, ಬೀಡುಬಿಟ್ಟ ಜಾಗದಲ್ಲಿ ಪಿಸುಮಾತಾಡಿದ ಪ್ರೇಮಿಯನ್ನು ಬೋಧಿ ಕಣ್ಣೆತ್ತಿಯೂ ನೋಡದೆ ಹೋದರೆ ಆಟಗಾರರಿಗೆ ಮೊದಲು ಕಾಣುವುದೇ ಮೂಲ ಆಟಕ್ಕೆ ಮಾಡ್ ಅಂಟಿಸಿದ ಆ ಹೊಲಿಗೆ. ಹಾಗಾಗಿ ಪ್ರೇಮದ ದಾರಿಯಲ್ಲಿ ಅಪಹರಣ ಇದ್ದೇ ಇದೆ. ಅದರ ಜೊತೆಗೆ, ಬೇರಾವ ಪ್ರೇಮವೂ ನಡೆಯುತ್ತಿಲ್ಲದಿದ್ದು ಇವನ ಸ್ನೇಹ ಗಟ್ಟಿಯಾಗಿದ್ದರೆ ಬೋಧಿ ಇವನನ್ನೇ ಹಿಡಿಯುವ ಹಾಗೆ ಬರೆದೆ. ನಿಮ್ಮನ್ನು ನೋಯಿಸಬೇಕು ಅನ್ನುವವಳು ಹತ್ತಿರದವರನ್ನು ಹುಡುಕುತ್ತಾಳೆ, ಇವರಿಬ್ಬರ ನಡುವೆ ಏನಿದೆ ಅಂತ ವಿಚಾರಣೆ ಮಾಡುತ್ತಾ ಕೂರುವುದಿಲ್ಲ. ಪ್ರೇಮ ಬೇಡ ಅಂದವರಿಗೂ ಅಮೌನೇಟರ್ ಗುಡಿಯ ದಾರಿ ತೆರೆದದ್ದು ಇದರಿಂದ. ಇದಕ್ಕೆ ಆಕ್ಷೇಪ ಎತ್ತಿದವರೂ ಇದ್ದಾರೆ, ಮೂಲದಲ್ಲಿ ಹೀಗಿಲ್ಲ ಅಂತ. ಮೂಲದಲ್ಲಿ ಚುಕ್ಕಾಣಿಗನೂ ಇಲ್ಲವಲ್ಲ.

ಪ್ರೇಮವನ್ನು ಇನ್‌ಸ್ಟಾಲರ್‌ನಲ್ಲೇ ಬೇರೆ ತುಂಡಾಗಿ ಇಡು, ಬೇಡದವರು ಹಾಕಿಕೊಳ್ಳುವುದಿಲ್ಲ ಅನ್ನುವ ಸಲಹೆ ಹಲವರದು. ವೈಡುನಲ್ಲಿ ಅದು ಸುಲಭ, ಪ್ರತಿ ತುಂಡಿಗೂ ಬೇಕಾ ಬೇಡವಾ ಅಂತ ಅದು ಕೇಳುತ್ತದೆ. ನಾನು ಒಪ್ಪಲಿಲ್ಲ. ಕತ್ತರಿಸಿದರೆ ನೋವಿಲ್ಲದೆ ಬೇರ್ಪಡುವ ಪ್ರೇಮವನ್ನು ಮೊದಲಿಗೇ ಯಾಕೆ ಬರೆಯಬೇಕು? ಬೇಡ ಅನ್ನುವ ಹಕ್ಕು ನಾಯಕಿಗೆ ಕಥೆಯೊಳಗೇ ಸಿಗಬೇಕು.

ಹಾಗಂತ ಎಲ್ಲ ಮಾಡ್‌ಗೂ ಇದು ಬೇಕು ಅಂತಲ್ಲ. ಬಯೋವೇರ್‌ನಲ್ಲಿ ಬರಹಗಾರರಾಗಿದ್ದ ಡೇವಿಡ್ ಗೈಡರ್ ತಾವೇ ಬಿಡುವಿನಲ್ಲಿ ಕಟ್ಟಿದ ಅಸೆನ್ಷನ್ ಮಾಡ್‌ನ ತಿರುಳು ಥ್ರೋನ್ ಆಫ್ ಭಾಲ್‌ನ ಕೊನೆಯ ಕಾಳಗ. ಅದಕ್ಕೆ ಹೊಸ ಪ್ರೇಮಿಯನ್ನು ಅಂಟಿಸಿದ್ದರೆ ಕೆಟ್ಟುಹೋಗುತ್ತಿತ್ತು. ಆತುರದ ಜಾಗಗಳಲ್ಲೂ ಪ್ರೇಮ ಬಾಯಿ ಮುಚ್ಚಿಕೊಂಡಿರಬೇಕು. ನಾಯಕಿಯ ಬಾಲ್ಯದ ಗೆಳತಿ ಇಮೋಯೆನ್‌ಳನ್ನು ಮಾಂತ್ರಿಕರು ಹಿಡಿದೊಯ್ದಿದ್ದಾರೆ, ಅವಳನ್ನು ಹುಡುಕಲು 20,000 ಚಿನ್ನದ ನಾಣ್ಯ ಹೊಂದಿಸಬೇಕು. ಆ ಹೊತ್ತಿನಲ್ಲಿ ನಕ್ಷತ್ರ ತೋರಿಸುತ್ತಾ ನಿಂತವನಿಗೆ ಬೈಗುಳವೇ ಸರಿ. ನನ್ನವನು ಎರಡನೇ ಅಧ್ಯಾಯದಲ್ಲಿ ಮಾತಾಡುವುದೆಲ್ಲ ದುಡ್ಡಿನದೇ.

ಪ್ರೇಮ ತನ್ನ ತೂಕ ತೋರಿಸುವುದು ಥ್ರೋನ್ ಆಫ್ ಭಾಲ್‌ನ ಕೊನೆಯಲ್ಲಿ. ತಂದೆಯ ಶಕ್ತಿ ಪಡೆದು ದೇವರಾಗುತ್ತೀಯೋ, ಎಲ್ಲ ಬಿಟ್ಟು ಮನುಷ್ಯಳಾಗಿಯೇ ಉಳಿಯುತ್ತೀಯೋ ಅಂತ ಆಟ ಕೇಳುತ್ತದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರ ಸಲೀಸು. ಇದ್ದರೆ ಮೌಸ್ ಮೇಲಿನ ಕೈ ನಿಲ್ಲುತ್ತದೆ. ಚುಕ್ಕಾಣಿಗನಿಗೆ ಅಲ್ಲಿ ಎರಡು ಮಾತು ಬರೆದೆ, ಪ್ರೇಮಿಗೆ ಒಂದು, ಗೆಳತಿಗೆ ಒಂದು. ಗೆಳತಿಗೆ ಹೇಳುವುದೇ ಉದ್ದ. ಪರೀಕ್ಷೆಗೆ ಆಡಿಕೊಟ್ಟ ಗೆಳೆಯರು ಇದು ಉಲ್ಟಾ ಆಯಿತಲ್ಲ ಅಂದರು. ಪ್ರೇಮಿಗೆ ಅವನು ಹೇಳಬೇಕಾದದ್ದನ್ನೆಲ್ಲ ಆ ಹೊತ್ತಿಗೆ ಹೇಳಿ ಮುಗಿಸಿದ್ದಾನೆ ಅಂದೆ. ಮುಂದಿನ ಆವೃತ್ತಿಯಲ್ಲೂ ಅದನ್ನು ಹಾಗೇ ಬಿಟ್ಟಿದ್ದೇನೆ.