ಡರ್ಹಾಮ್‌ಗೆ ಹೊರಟಿದ್ದೀರಾ? ಚಾರ್ಟರ್ ಶಾಲೆಗಳನ್ನು ಹೋಲಿಸಿ ನೋಡುವುದು ಹೀಗೆ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಡರ್ಹಾಮ್‌ನಲ್ಲಿ ಸುಮಾರು 3 ಲಕ್ಷ ಜನ ಇದ್ದಾರೆ. ಪಕ್ಕದಲ್ಲೇ ಕಂಪನಿಗಳು, ಸಂಶೋಧನಾ ಸಂಸ್ಥೆಗಳು ಇರುವ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಇರುವುದರಿಂದ ಕೆಲಸದ ಮೇಲೆ ನಮ್ಮವರೂ ಅಲ್ಲಿಗೆ ಹೋಗುತ್ತಿರುತ್ತಾರೆ. ಮನೆ ಹುಡುಕುವ ಮೊದಲೇ ಮಕ್ಕಳ ಶಾಲೆಯ ಚಿಂತೆ ಶುರುವಾಗುತ್ತದೆ. ಮೊದಲೇ ಹೋದವರು ‘ಚಾರ್ಟರ್ ಸ್ಕೂಲಿಗೆ ಟ್ರೈ ಮಾಡಿ’ ಅನ್ನುತ್ತಾರೆ. ಯಾವುದಕ್ಕೆ, ಯಾಕೆ ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು.

ಚಾರ್ಟರ್ ಶಾಲೆ ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ, ಆದರೆ ಜಿಲ್ಲೆಯ ಆಡಳಿತದ ಬದಲು ಬೇರೆ ಮಂಡಳಿಯೊಂದು ನಡೆಸುವ ಶಾಲೆ. ಫೀಸ್ ಇಲ್ಲ, ಡೊನೇಷನ್ ಇಲ್ಲ. ಇದಕ್ಕೆ ಈ ರಾಜ್ಯ 1996ರಲ್ಲಿ ಕಾನೂನು ಮಾಡಿತು. 100 ಶಾಲೆಗಿಂತ ಜಾಸ್ತಿ ಇರಬಾರದು ಅನ್ನುವ ಮಿತಿಯನ್ನು 2011ರಲ್ಲಿ ತೆಗೆದ ಮೇಲೆ ಆಯ್ಕೆಗಳು ಹೆಚ್ಚಿದವು. ಗುಣಮಟ್ಟದ ವ್ಯತ್ಯಾಸವೂ ದೊಡ್ಡದೇ ಇದೆ. ಚಾರ್ಟರ್ ಅನ್ನುವ ಹೆಸರೊಂದೇ ಒಳ್ಳೆಯ ಶಾಲೆಯ ಗುರುತಲ್ಲ.

ಮೊದಲು ಪಟ್ಟಿ ಮಾಡಿ. ನಿಮ್ಮ ವಿಳಾಸಕ್ಕೆ ಜಿಲ್ಲೆಯ ಯಾವ ಸರ್ಕಾರಿ ಶಾಲೆ ಬರುತ್ತದೆ ನೋಡಿ, ಅದನ್ನು ಪಟ್ಟಿಯ ಮೇಲೆ ಬರೆಯಿರಿ. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಅದು ನಿಮಗೆ ಹೇಗೂ ಸಿಗುವ ಶಾಲೆ, ಉಳಿದವನ್ನು ಅದರ ಜೊತೆಗೇ ಹೋಲಿಸಬೇಕು ಅಲ್ವಾ? ಜಿಲ್ಲೆಯ ಮ್ಯಾಗ್ನೆಟ್ ಶಾಲೆಗಳಿಗೆ, ಅಂದರೆ ಯಾವುದಾದರೂ ವಿಶೇಷ ವಿಷಯಕ್ಕೋ ಕಲಿಕೆಯ ವಿಧಾನಕ್ಕೋ ಒತ್ತು ಕೊಡುವ ಸರ್ಕಾರಿ ಶಾಲೆಗಳಿಗೆ, ಬೇರೆಯದೇ ಲಾಟರಿ ಇದೆ, ಅವನ್ನೂ ಸೇರಿಸಿ. ಚಾರ್ಟರ್‌ಗೆ ಜಿಲ್ಲೆಯ ಗಡಿ ಇಲ್ಲ. ರಾಜ್ಯದ ಯಾವ ಮೂಲೆಯ ಮಗುವೂ ಅರ್ಜಿ ಹಾಕಬಹುದು. ಆದರೂ ದಿನಾ ಗಾಡಿ ಓಡಿಸುವವರು ನೀವು. ಅರ್ಧ ಗಂಟೆಗಿಂತ ದೂರದ ಶಾಲೆಗಳನ್ನು ಈಗಲೇ ಹೊಡೆದುಹಾಕಿ.

ಈಗ ರಾಜ್ಯದ ಶಿಕ್ಷಣ ಇಲಾಖೆಯ ಸ್ಕೂಲ್ ರಿಪೋರ್ಟ್ ಕಾರ್ಡ್ ತೆರೆಯಿರಿ. ಹೆಚ್ಚಿನ ಶಾಲೆಗಳಿಗೆ ಎ ಇಂದ ಎಫ್ ತನಕ ಒಂದು ಗ್ರೇಡ್ ಇರುತ್ತದೆ. ಇಲ್ಲಿ ನಿಧಾನ ಮಾಡಿ. ಆ ಗ್ರೇಡ್‌ನಲ್ಲಿ ಶೇ 80 ಪಾಲು ಮುಖ್ಯವಾಗಿ ಪರೀಕ್ಷೆಯ ಫಲಿತಾಂಶದ್ದು. ಮಕ್ಕಳು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂದರು ಅನ್ನುವುದಕ್ಕೆ ಶೇ 20 ಮಾತ್ರ. ಓದಿದ ಅಪ್ಪ ಅಮ್ಮಂದಿರು, ಮನೆಯಲ್ಲೇ ಪಾಠ, ಟ್ಯೂಷನ್ ಇರುವ ಮಕ್ಕಳೇ ಜಾಸ್ತಿ ಸೇರಿದ ಶಾಲೆಗೆ ಒಳ್ಳೆಯ ಗ್ರೇಡ್ ಸುಲಭವಾಗಿ ಬರುತ್ತದೆ. ಅದರಲ್ಲಿ ಶಾಲೆಯ ಕೆಲಸ ಎಷ್ಟು, ಮನೆಯ ಕೆಲಸ ಎಷ್ಟು ಅಂತ ಗ್ರೇಡ್ ಹೇಳುವುದಿಲ್ಲ.

ಅದಕ್ಕೇ ಅದೇ ಪುಟದಲ್ಲಿರುವ ಬೆಳವಣಿಗೆಯ ಸಾಲನ್ನು ಓದಿ. ನಿರೀಕ್ಷೆ ಮೀರಿದೆ, ನಿರೀಕ್ಷೆಯಷ್ಟಿದೆ, ನಿರೀಕ್ಷೆ ಮುಟ್ಟಿಲ್ಲ ಅಂತ ಮೂರು ಮಟ್ಟ ಇರುತ್ತವೆ. ಒಂದೇ ವರ್ಷದ್ದು ಸಾಲದು, ಮೂರು ವರ್ಷದ್ದು ನೋಡಿ. ಬೆಳವಣಿಗೆಯಲ್ಲಿ ನಿರೀಕ್ಷೆ ಮೀರಿದ ಸಿ ಗ್ರೇಡ್ ಶಾಲೆ ಮತ್ತು ನಿರೀಕ್ಷೆ ಮುಟ್ಟದ ಬಿ ಗ್ರೇಡ್ ಶಾಲೆ ಎದುರಿಗಿದ್ದರೆ ನಾನು ಸಿ ಶಾಲೆಗೇ ಮೊದಲು ಹೋಗಿ ನೋಡುತ್ತೇನೆ. ಬಡ ಕುಟುಂಬದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ವಿಶೇಷ ನೆರವು ಬೇಕಾದ ಮಕ್ಕಳ ಫಲಿತಾಂಶವೂ ಬೇರೆ ಬೇರೆಯಾಗಿ ಇರುತ್ತದೆ. ಬೆಂಗಳೂರಿನಿಂದ ನೇರ ಹೋಗುವ ಪುಟ್ಟ ಮಗುವಿಗೆ ಇಂಗ್ಲಿಷ್ ನೆರವು ಬೇಕಾಗಬಹುದು. ಆ ಗುಂಪಿನ ಮಕ್ಕಳು ಅಲ್ಲಿ ಹೇಗೆ ಓದುತ್ತಿದ್ದಾರೆ ಅನ್ನುವುದು ನಿಮಗೆ ಶಾಲೆಯ ಗ್ರೇಡ್‌ಗಿಂತ ಮುಖ್ಯ.

ನಂತರ ಬಸ್ಸು, ಊಟ. ಸ್ಥಳೀಯ ಮಕ್ಕಳಿಗೆ ಓಡಾಟ ಅಡ್ಡಿಯಾಗಬಾರದು ಅಂತ ಕಾನೂನು ಹೇಳುತ್ತದೆ. ಆದರೆ ಜಿಲ್ಲೆಯ ಶಾಲೆಗಳ ಹಾಗೆ ಮನೆ ಹತ್ತಿರ ಬಸ್ ಬರಲೇಬೇಕು ಅಂತಿಲ್ಲ. ಮಧ್ಯಾಹ್ನದ ಊಟ ಕೊಡುವುದೂ ಕಡ್ಡಾಯವಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ಸಣ್ಣ ವಿಷಯವಲ್ಲ. ಗಾಡಿ ಇಲ್ಲದ ಮನೆಗೆ ಬಸ್ಸಿಲ್ಲದ ಶಾಲೆ ಬಾಗಿಲು ಹಾಕಿದ ಶಾಲೆಯೇ. ಇದನ್ನು ಬದಲಾಯಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡರ್ಹಾಮ್‌ನ ಸೆಂಟ್ರಲ್ ಪಾರ್ಕ್ ಸ್ಕೂಲ್ ಫಾರ್ ಚಿಲ್ಡ್ರನ್ ತನ್ನ ಲಾಟರಿಯಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಹೆಚ್ಚು ಅವಕಾಶ ಇಟ್ಟಿದ್ದು ಒಳ್ಳೆಯ ಕೆಲಸ.

ಶಿಕ್ಷಕರ ವಿಷಯವನ್ನೂ ಬಿಡಬೇಡಿ. ಚಾರ್ಟರ್‌ನಲ್ಲಿ ಅರ್ಧದಷ್ಟು ಶಿಕ್ಷಕರಿಗೆ ಪಾಠ ಮಾಡುವ ಲೈಸೆನ್ಸ್ ಇದ್ದರೆ ಸಾಕು. ಹೋದ ವರ್ಷ ಎಷ್ಟು ಜನ ಬಿಟ್ಟುಹೋದರು ಅಂತ ನೇರವಾಗಿ ಕೇಳಿ. ಹೈಸ್ಕೂಲಾದರೆ ಕ್ರೆಡಿಟ್, ಅಂದರೆ ಒಂದೊಂದು ವಿಷಯ ಮುಗಿಸಿದ್ದಕ್ಕೆ ಸಿಗುವ ಅಂಕದ ಲೆಕ್ಕ ಯಾರು ನೋಡಿಕೊಳ್ಳುತ್ತಾರೆ ಅಂತಲೂ ಕೇಳಿ. ಡರ್ಹಾಮ್‌ನ ಒಂದು ಚಾರ್ಟರ್ ಶಾಲೆ ಬೇಕಾದ ಕ್ರೆಡಿಟ್ ಪೂರ್ತಿ ಇಲ್ಲದ ನೂರಕ್ಕೂ ಹೆಚ್ಚು ಮಕ್ಕಳಿಗೆ ಡಿಪ್ಲೊಮಾ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಕೊಟ್ಟಿತ್ತು. ಅದರ ಹೈಸ್ಕೂಲ್ ವಿಭಾಗ 2017ರಲ್ಲಿ ಮುಚ್ಚಿತು. ಇಂಥ ಸೂಚನೆಗಳು ಮಂಡಳಿಯ ಸಭೆಯಲ್ಲಿ ಸಿಗಬಹುದು. ಈ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಹಿಂದಿನ ಸಭೆಗಳ ನಡಾವಳಿ ಕೇಳಿ ಪಡೆದು ಓದಿ.

ಕೊನೆಗೆ ಅರ್ಜಿ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ ಎತ್ತಲೇಬೇಕು. ನಮ್ಮ ಆರ್‌ಟಿಇ ಸೀಟಿನ ಲಾಟರಿ ಕಂಡವರಿಗೆ ಇದು ಹೊಸದೇನಲ್ಲ. ಯಾರನ್ನೋ ಹಿಡಿದು ಸೀಟು ಮಾಡಿಸುವ ದಾರಿ ಇಲ್ಲ. ಆದರೆ ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ತಮ್ಮ ತಂಗಿಗೆ ಆದ್ಯತೆ ಸಿಗಬಹುದು. ಆಗಸ್ಟ್‌ನಲ್ಲಿ ಶುರುವಾಗುವ ವರ್ಷಕ್ಕೆ ಚಳಿಗಾಲದಲ್ಲೇ ಅರ್ಜಿ ಹಾಕಬೇಕು. ಕಿಂಡರ್‌ಗಾರ್ಟನ್‌ಗೆ ಆಗಸ್ಟ್ 31ರೊಳಗೆ ಮಗುವಿಗೆ ಐದು ತುಂಬಿರಬೇಕು. ಒಂದಕ್ಕಿಂತ ಹೆಚ್ಚು ಶಾಲೆಗೆ ಅರ್ಜಿ ಹಾಕಿ. ಸೀಟು ಬಂದರೆ ಅವರು ಹೇಳಿದ ದಿನದೊಳಗೆ ಒಪ್ಪಿಗೆ ಕಳಿಸಿ. ತಡ ಮಾಡಿದರೆ ಅದು ಕಾಯುತ್ತಿರುವ ಮುಂದಿನ ಮಗುವಿಗೆ ಹೋಗುತ್ತದೆ.