ಪುಷ್ಪಗಿರಿಯ ಬೆನ್ನ ಕಡೆ

ಕೊಡಗಿಗೆ ರೈಲಿಲ್ಲ. ಸೋಮವಾರಪೇಟೆ ಕಡೆಯ ನಾವು ಶನಿವಾರಸಂತೆ, ಕೊಡ್ಲಿಪೇಟೆ ದಾಟಿ ಸಕಲೇಶಪುರಕ್ಕೆ ಬಸ್ಸಿನಲ್ಲಿ ಹೋಗಿ ರೈಲು ಹತ್ತಬೇಕು. ಅಕ್ಕನ ಮನೆ ಕಾರವಾರದಲ್ಲಿ. ವರ್ಷಕ್ಕೊಮ್ಮೆಯಾದರೂ ಹೋಗುತ್ತೇನೆ, ಹಗಲು ರೈಲಿನಲ್ಲೇ ಹೋಗುತ್ತೇನೆ.

ಈ ಮಾರ್ಗದ ಹಗಲು ರೈಲುಗಳಿಗೆ 2021ರಲ್ಲಿ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಬಂತು. ಒಮ್ಮೆ ಕೂತೆ, ನೋಟ ಚೆನ್ನಾಗಿದೆ. ಆದರೆ ಕಾಡಿನ ವಾಸನೆ ಗಾಜು ದಾಟಿ ಬರುವುದಿಲ್ಲ. ನನಗೆ ಕಿಟಕಿ ತೆರೆಯುವ ಸಾದಾ ಬೋಗಿಯೇ ಬೇಕು. ಮಳೆ ನಿಂತ ಮೇಲಿನ ಅಕ್ಟೋಬರ್ ಬಹಳ ಒಳ್ಳೆಯದು; ತೊರೆಗಳಲ್ಲಿ ನೀರು ಇನ್ನೂ ಇರುತ್ತದೆ, ಮಂಜು ಕಣಿವೆಯನ್ನು ಪೂರ್ತಿ ಮುಚ್ಚಿರುವುದಿಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. 50 ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ಹಾಗಾಗಿ ರೈಲು ಎರಡು ಗಂಟೆಗೂ ಹೆಚ್ಚು ಹೊತ್ತು ಮೆಲ್ಲಗೆ ಇಳಿಯುತ್ತದೆ. ನಾನು ಚಿಕ್ಕವಳಿದ್ದಾಗ ಹಳಿ ಅಗಲ ಮಾಡಲೆಂದು 1996ರಲ್ಲಿ ಮುಚ್ಚಿದ್ದ ಈ ದಾರಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ.

ಮೊದಲ ಸಲ ಪೂರ್ತಿ ಘಾಟಿಯನ್ನು ಮೊಬೈಲಿನಲ್ಲಿ ಹಿಡಿಯಲು ಹೋದೆ. ಸುರಂಗದ ಕತ್ತಲು, ಕಣ್ಣು ಕುಕ್ಕುವ ಬೆಳಕು, ಮತ್ತೆ ಕತ್ತಲು. ಮನೆಗೆ ಬಂದು ನೋಡಿದರೆ ಅದರಲ್ಲಿ ಕಾಡೇ ಇಲ್ಲ. ಈಗ ಮೊಬೈಲು ಚೀಲದಲ್ಲಿರುತ್ತದೆ. ಸುರಂಗ ಹೊಕ್ಕ ಕೂಡಲೇ ಕಣ್ಣು ಮುಚ್ಚುತ್ತೇನೆ. ಒಳಗೆ ಒದ್ದೆ ಕಲ್ಲಿನ ತಂಪು, ಕೂಗು ಹಾಕುವ ಮಕ್ಕಳು. ಮುಖಕ್ಕೆ ತಾಗುವ ಗಾಳಿ ಸ್ವಲ್ಪ ಬೆಚ್ಚಗಾದರೆ ಸುರಂಗದ ಬಾಯಿ ಬಂತೆಂದೇ ಅರ್ಥ. ಆಗ ಕಣ್ಣು ಬಿಟ್ಟು ಮೊದಲು ಕಣಿವೆಯ ತಳ ನೋಡುತ್ತೇನೆ, ಆಮೇಲೆ ಹತ್ತಿರದ ಮರ. ಎಷ್ಟೋ ಕಡೆ ಇಷ್ಟಕ್ಕೇ ಸಮಯ, ಅಷ್ಟರಲ್ಲಿ ಇನ್ನೊಂದು ಸುರಂಗ.

ಒಮ್ಮೆ ಸೇತುವೆಯ ಮೇಲೆ ಹಳಿ ಕಾಯುವವನೊಬ್ಬ ಸರಿದು ನಿಂತಿದ್ದ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಹಸಿರು ಬಾವುಟ, ಗಡ್ಡದಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ನನ್ನ ಕಿಟಕಿಗೂ ಅವನಿಗೂ ಒಂದು ಮಾರು ದೂರ. ಅವನ ಕಾಲ ಕೆಳಗೆ ಬರೀ ಕಣಿವೆ. ಅವನು ದಿನಾ ನಡೆಯುವ ದಾರಿಯನ್ನೇ ನಾನು ಕೂತು ನೋಡುತ್ತಿದ್ದೇನೆ ಅಂತ ಅನ್ನಿಸಿ ಕೈ ಮುಗಿದೆ. ಅವನು ಬಾವುಟ ಅಲ್ಲಾಡಿಸಿದ.

ವಾಪಸು ಬರುವಾಗ ಬೆಳಗಿನ ಬೆಳಕಿನಲ್ಲಿ ಗಂಗಾವಳಿ, ಅಘನಾಶಿನಿ, ಶರಾವತಿ ಒಂದರ ಹಿಂದೊಂದು ಸಿಗುತ್ತವೆ. ಶರಾವತಿಯ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಬೆಟ್ಟದವಳಾದ ನನಗೆ ಅಷ್ಟು ಅಗಲದ ನೀರು ಇನ್ನೂ ರೂಢಿಯಾಗಿಲ್ಲ.

ಸುಬ್ರಹ್ಮಣ್ಯ ರೋಡ್‌ನಲ್ಲಿ ಘಾಟಿ ಹತ್ತಲೆಂದು ಹಿಂದಿನಿಂದ ತಳ್ಳುವ ಎಂಜಿನ್ ಜೋಡಿಸುವವರೆಗೆ ರೈಲು ನಿಲ್ಲುತ್ತದೆ. ಕಳೆದ ಸಲ ನನ್ನ ಎದುರು ಪುತ್ತೂರಿನ ಹೆಂಗಸೊಬ್ಬರು ಕೂತಿದ್ದರು. “ಇವತ್ತು ಕುಮಾರಪರ್ವತ ಕಾಣ್ತಾ ಉಂಟು ನೋಡಿ” ಅಂದರು.

“ನಮಗದು ಪುಷ್ಪಗಿರಿ. ಅದರ ಆಚೆ ಬದಿಯಲ್ಲಿ ನಮ್ಮ ಮನೆ. ಅಂಗಳದಿಂದ ದಿನಾ ಕಾಣುತ್ತೆ” ಅಂದೆ.

“ಹೌದಾ? ಹಾಗಾದ್ರೆ ಈಚೆಯಿಂದ ಸರಿಯಾಗಿ ನೋಡಿಕೊಳ್ಳಿ” ಅಂತ ಎದ್ದು ತಮ್ಮ ಕಿಟಕಿಯ ಜಾಗ ಕೊಟ್ಟರು. ರೈಲು ಹೊರಟಿತು. ಮೊದಲ ಸುರಂಗ ಬರುವವರೆಗೂ ಅವರು ನಿಂತೇ ಇದ್ದರು.